ಬದ್ಧಕೋನಾಸನದಲ್ಲಿ ಮಂಡಿಯನ್ನು ಒತ್ತಬೇಡಿ

ಎರಡೂ ಅಂಗಾಲುಗಳನ್ನು ಜೋಡಿಸಿ ಮಂಡಿಗಳನ್ನು ಪಕ್ಕಕ್ಕೆ ಬಿಡುವ ಬದ್ಧಕೋನಾಸನದಲ್ಲಿ ಕುಳಿತ ಸ್ವಲ್ಪ ಹೊತ್ತಿಗೇ ನನ್ನ ಯೋಗ ತರಗತಿಯ ಅರ್ಧದಷ್ಟು ಜನರ ಕೈಗಳು ಪಾದವನ್ನು ಬಿಟ್ಟು ಮಂಡಿಯ ಮೇಲೆ ಬಂದಿರುತ್ತವೆ. ಪಕ್ಕದವರ ಮಂಡಿ ನೆಲಕ್ಕೆ ತಾಗಿದ್ದನ್ನು ಕಂಡೊಡನೆ ತಮ್ಮದನ್ನೂ ಒತ್ತಿ ಇಳಿಸಲು ತೊಡಗುತ್ತಾರೆ. ಬೇಡವೆಂದರೆ ಎರಡು ಉಸಿರಿನಷ್ಟು ಹೊತ್ತು ಕೈ ತೆಗೆದು, ನಾನು ಅತ್ತ ತಿರುಗಿದ ಮೇಲೆ ಮತ್ತೆ ಒತ್ತುತ್ತಾರೆ. ಆದ್ದರಿಂದ ಈ ಒಂದು ವಿಷಯವನ್ನಷ್ಟೇ ಇಲ್ಲಿ ಬಿಡಿಸಿ ಹೇಳುತ್ತೇನೆ.

ಈ ಆಸನದಲ್ಲಿ ಹೊರಳಬೇಕಾದದ್ದು ಸೊಂಟದ ಕೀಲೇ ಹೊರತು ಮಂಡಿಯಲ್ಲ. ತೊಡೆಮೂಳೆಯ ದುಂಡನೆಯ ತಲೆ ಸೊಂಟದ ಮೂಳೆಯ ಗುಳಿಯೊಳಗೆ ಕುಳಿತಿರುವುದರಿಂದ ಆ ಕೀಲು ಹಲವು ದಿಕ್ಕಿಗೆ ತಿರುಗಬಲ್ಲದು. ಮಂಡಿಯಾದರೋ ಮುಖ್ಯವಾಗಿ ಮಡಿಸುವುದಕ್ಕೂ ಚಾಚುವುದಕ್ಕೂ ಇರುವ ಕೀಲು. ಮಡಿಸಿದಾಗ ಅದು ಅಲ್ಪಸ್ವಲ್ಪ ತಿರುಗಿದರೂ ಅದಕ್ಕೊಂದು ಮಿತಿಯಿದೆ. ಸೊಂಟ ಒಪ್ಪದಿರುವಾಗ ಮಂಡಿಯನ್ನು ಒತ್ತಿದರೆ ಆ ತಿರುಚನ್ನು ಮಂಡಿಯೊಳಗೆ ಮೂಳೆಗಳ ನಡುವೆ ಮೆತ್ತೆಯಂತಿರುವ ಮೃದ್ವಸ್ಥಿಯೂ ಪಕ್ಕದಲ್ಲಿ ಮೂಳೆಗಳನ್ನು ಬಿಗಿದಿಡುವ ಅಸ್ಥಿರಜ್ಜುಗಳೂ ಹೊರಬೇಕಾಗುತ್ತದೆ. ಒತ್ತಿದಷ್ಟೂ ಒಳತೊಡೆಯ ಸ್ನಾಯುಗಳು ತಮ್ಮನ್ನು ಕಾಪಾಡಿಕೊಳ್ಳಲು ಇನ್ನಷ್ಟು ಬಿಗಿಯುತ್ತವೆ. ಮಂಡಿಯನ್ನು ಚಿಟ್ಟೆಯ ರೆಕ್ಕೆಯಂತೆ ರಭಸದಿಂದ ಬಡಿಯುವವರಿಗೂ ಇದೇ ಮಾತು ಅನ್ವಯಿಸುತ್ತದೆ. ಮಂಡಿ ಇಳಿಯುವುದು ಸೊಂಟ ಹೊರಳಿದ್ದರ ಫಲ. ಫಲವನ್ನೇ ಹಿಡಿದು ಎಳೆದರೆ ಸೊಂಟ ಸಡಿಲವಾಗುವುದಿಲ್ಲ.

ಐವತ್ತು ದಾಟಿದ ಶಿಷ್ಯೆಯೊಬ್ಬರು ಮಂಡಿಯ ಒಳಬದಿ ನೋಯುತ್ತಿದೆಯೆಂದು ಬಂದರು. ವಿಚಾರಿಸಿದರೆ, ಮನೆಯಲ್ಲಿ ಮಗನನ್ನು ಕರೆದು ಎರಡೂ ಮಂಡಿಗಳ ಮೇಲೆ ಭಾರ ಹಾಕಿಸುತ್ತಿದ್ದರಂತೆ. ನನಗೆ ಸಿಟ್ಟು ಬಂದದ್ದು ನಿಜ. ಆದರೆ ಅವರ ಶ್ರದ್ಧೆಯನ್ನು ಕಂಡು ಗದರಲು ಮನಸ್ಸು ಬರಲಿಲ್ಲ. ಮೊದಲು ಮೂಳೆತಜ್ಞರ ಬಳಿ ಕಳಿಸಿದೆ. ಅವರು ಒಪ್ಪಿದ ಮೇಲೆ, ಮಡಿಸಿದ ಎರಡು ಕಂಬಳಿಗಳ ಅಂಚಿನ ಮೇಲೆ ಕೂರಿಸಿ, ಹಿಮ್ಮಡಿಗಳನ್ನು ದೇಹದಿಂದ ಒಂದು ಮೊಳದಷ್ಟು ದೂರವಿರಿಸಿ, ಎರಡೂ ತೊಡೆಗಳ ಕೆಳಗೆ ದಿಂಬು ಕೊಟ್ಟೆ. ಕಂಬಳಿಯ ಎತ್ತರದಿಂದ ಸೊಂಟ ಮುಂದಕ್ಕೆ ವಾಲಿ ಬೆನ್ನು ತಾನಾಗಿ ನೆಟ್ಟಗಾಯಿತು. “ದಿಂಬಿಟ್ಟರೆ ಮಂಡಿ ಇಳಿಯುವುದಾದರೂ ಹೇಗೆ?” ಎಂದು ಅವರು ಕೇಳಿದರು. ಕಾಲಿಗೆ ಆಧಾರ ಸಿಕ್ಕಿದಾಗ ಒಳತೊಡೆಯ ಸ್ನಾಯುಗಳಿಗೆ ಅದನ್ನು ಹಿಡಿದಿಟ್ಟುಕೊಳ್ಳುವ ಕೆಲಸ ತಪ್ಪುತ್ತದೆ, ಆಗ ಅವು ಸಡಿಲಗೊಳ್ಳುತ್ತವೆ. ಕೆಲವು ವಾರಗಳಲ್ಲಿ ಅವರು ದಪ್ಪ ದಿಂಬು ಬಿಟ್ಟು ತೆಳುವಾದದ್ದಕ್ಕೆ ಬಂದರು. ಮಂಡಿ ಇಂದಿಗೂ ನೆಲ ಮುಟ್ಟಿಲ್ಲ. ಮುಟ್ಟಲೇಬೇಕೆಂದೂ ಇಲ್ಲ, ಏಕೆಂದರೆ ಗುಳಿಯ ಆಳವೂ ತೊಡೆಮೂಳೆಯ ಕತ್ತಿನ ಕೋನವೂ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರುತ್ತವೆ, ಮತ್ತು ಮೂಳೆಗೆ ಮೂಳೆ ತಾಗಿದ ಮೇಲೆ ಯಾವ ಅಭ್ಯಾಸವೂ ಅದನ್ನು ದಾಟಿಸಲಾರದು.

ಕೈಗೆ ಏನಾದರೂ ಕೆಲಸ ಬೇಕೇ ಬೇಕು ಎನ್ನುವವರು ಅಂಗೈಗಳನ್ನು ಮಂಡಿಗಿಂತ ಸ್ವಲ್ಪ ಈಚೆ, ತೊಡೆಯ ಮೇಲಿಟ್ಟು, ತೊಡೆಗಳಿಂದಲೇ ಕೈಯನ್ನು ಮೆಲ್ಲಗೆ ಮೇಲಕ್ಕೆ ಒತ್ತಲಿ, ಕೈ ಅಲುಗದಿರಲಿ. 5 ಸೆಕೆಂಡಿನ ಬಳಿಕ ಒತ್ತುವುದನ್ನು ನಿಲ್ಲಿಸಿ, ಕೈಯನ್ನೂ ತೆಗೆದು, ಉಸಿರು ಬಿಡುತ್ತಾ ತೊಡೆಗಳು ತಾವಾಗಿ ಇಳಿಯುವಷ್ಟು ಇಳಿಯಲು ಬಿಡಬೇಕು. ಇದನ್ನು ಮೂರು ಬಾರಿ ಮಾಡಿದರೆ ಸಾಕು.

ಒಳತೊಡೆಯಲ್ಲಿ ಹಿತವಾದ ಎಳೆತ ಕಂಡರೆ ಮುಂದುವರಿಯಬಹುದು. ತೊಡೆಸಂದಿನಲ್ಲಿ ಚಿವುಟಿದಂತಾದರೆ ಹಿಮ್ಮಡಿಗಳನ್ನು ಇನ್ನೂ ದೂರ ಸರಿಸಿ, ದಿಂಬನ್ನು ಎತ್ತರಿಸಿ ನೋಡಿ. ಸೊಂಟದ ಕೀಲು ಬದಲಿಸಿಕೊಂಡವರು, ಮಂಡಿಯ ಮೃದ್ವಸ್ಥಿ ಹರಿದವರು ಮತ್ತು ಸೊಂಟದ ಮುಂಭಾಗದಲ್ಲಿ ನೋವಿರುವ ಗರ್ಭಿಣಿಯರು ವೈದ್ಯರನ್ನು ಕೇಳದೆ ಈ ಆಸನಕ್ಕೆ ಕೂರಬಾರದು. ಇನ್ನು ಮಂಡಿಯ ಒಳಗೆ ನೋವು ಕಂಡರೆ, ಎಷ್ಟೇ ಚಿಕ್ಕದಾಗಿರಲಿ, ಮಂಡಿಗಳನ್ನು ಕೈಯಿಂದ ಎತ್ತಿ ಕೂಡಿಸಿ, ಕಾಲು ಚಾಚಿ, ಅಂದಿಗೆ ಅಲ್ಲಿಗೇ ನಿಲ್ಲಿಸಿ.