ಎಣ್ಣೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಗೊಬ್ಬರ ಹಾಕಿದ ಕಥೆ

1989ರ ಮಾರ್ಚ್‌ನಲ್ಲಿ ಎಕ್ಸಾನ್ ವಾಲ್ಡೀಜ್ ಎಂಬ ಹಡಗು ಅಲಾಸ್ಕಾದ ಕಡಲಲ್ಲಿ ಬಂಡೆಸಾಲಿಗೆ ಬಡಿಯಿತು. ಸುಮಾರು 4 ಕೋಟಿ ಲೀಟರ್ ಕಚ್ಚಾ ಎಣ್ಣೆ ನೀರಿಗೆ ಚೆಲ್ಲಿತು. ದಡದ ಕಲ್ಲುಗಳೆಲ್ಲ ಟಾರು ಬಳಿದ ಹಾಗೆ ಕಪ್ಪಾದವು. ಬಿಸಿನೀರು ರಭಸವಾಗಿ ಹೊಡೆದು ತೊಳೆದರು, ಬಟ್ಟೆ ಹಿಡಿದು ಒರೆಸಿದರು. ಇದರ ಜೊತೆಗೆ ಇನ್ನೊಂದು ಕೆಲಸವನ್ನೂ ಮಾಡಿದರು: ಕಲ್ಲಿನ ಮೇಲೆ ಗೊಬ್ಬರ ಸಿಂಪಡಿಸಿದರು. ಕೆಲವೇ ವಾರಗಳಲ್ಲಿ ಗೊಬ್ಬರ ಬಿದ್ದ ಜಾಗ ಮಾತ್ರ ತಿಳಿಯಾಗಿ, ಕಪ್ಪು ದಡದ ನಡುವೆ ಕಿಟಕಿ ತೆರೆದ ಹಾಗೆ ಕಾಣತೊಡಗಿತು.

ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಆ ದಡದಲ್ಲಿ ಮೊದಲಿನಿಂದಲೂ ಇತ್ತು. ಎಣ್ಣೆಯಲ್ಲಿ ಇಂಗಾಲ ಬೇಕಾದಷ್ಟಿದೆ. ಸಾರಜನಕ, ರಂಜಕ ಮಾತ್ರ ಸಾಲದು. ಗೊಬ್ಬರ ಆ ಕೊರತೆ ತುಂಬಿತು, ಅಷ್ಟೇ.

ಆದರೆ ಅಷ್ಟರಲ್ಲಾಗಲೇ ಹೆಸರು ಮಾಡಿದ್ದು ಬೇರೆಯೇ ಒಂದು ಬ್ಯಾಕ್ಟೀರಿಯಾ. ಭಾರತದಲ್ಲಿ ಹುಟ್ಟಿ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ದುಡಿಯುತ್ತಿದ್ದ ಆನಂದ ಚಕ್ರವರ್ತಿ, ಎಣ್ಣೆಯ ಬೇರೆ ಬೇರೆ ಅಂಶಗಳನ್ನು ಒಡೆಯುವ ಜೀನ್‌ಗಳನ್ನೆಲ್ಲ ಒಂದೇ ಸ್ಯೂಡೊಮೊನಾಸ್‌ನೊಳಗೆ ಸೇರಿಸಿದ್ದರು. ಜೀವಿಗೂ ಪೇಟೆಂಟ್ ಕೊಡಬಹುದಾ ಎಂಬ ಜಗಳ ಅಮೆರಿಕದ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರಲ್ಲಿ 5–4 ಮತಗಳಿಂದ ಚಕ್ರವರ್ತಿ ಗೆದ್ದರು. ಇಷ್ಟೆಲ್ಲ ಆಗಿ, ಆ ಬ್ಯಾಕ್ಟೀರಿಯಾ ಯಾವ ಕಡಲಿಗೂ ಇಳಿಯಲಿಲ್ಲ. ಕೋರ್ಟು ಗೆಲ್ಲುವುದು ಬೇರೆ, ಅಲೆಯಲ್ಲಿ ಬದುಕುವುದು ಬೇರೆ ಅಲ್ವಾ?

ಡೈನೊಕಾಕಸ್ ರೇಡಿಯೊಡ್ಯೂರಾನ್ಸ್ ಎಂಬ ಬ್ಯಾಕ್ಟೀರಿಯಾದ ಕಥೆಯೂ ಹೆಚ್ಚುಕಡಿಮೆ ಇದೇ. 1956ರಲ್ಲಿ ಅಮೆರಿಕದ ಒರೆಗಾನ್‌ನಲ್ಲಿ ಗಾಮಾ ಕಿರಣ ಹಾಯಿಸಿದ ಡಬ್ಬಿ ಮಾಂಸ ಕೆಟ್ಟಾಗ ಸಿಕ್ಕ ಜೀವಿ ಇದು. ಮನುಷ್ಯನನ್ನು ಕೊಲ್ಲುವ ವಿಕಿರಣದ ಸಾವಿರ ಪಟ್ಟನ್ನು ತಡೆದುಕೊಳ್ಳುತ್ತದೆ. ಪರಮಾಣು ಕಸದ ನಡುವೆ ಟಾಲೂಯೀನ್ ಎಂಬ ವಿಷಕಾರಿ ದ್ರಾವಕ, ಪಾದರಸ ಇವನ್ನು ನಿಭಾಯಿಸಲಿ ಎಂದು ಅದಕ್ಕೆ ಹೊಸ ಜೀನ್ ಸೇರಿಸಿದರು. ಪ್ರಯೋಗಾಲಯದಲ್ಲಿ ಕೆಲಸ ಮಾಡಿತು.

ಅಷ್ಟು ಹೆಸರಿಲ್ಲದ ಜಿಯೊಬ್ಯಾಕ್ಟರ್ ಮಾತ್ರ ಹೊರಗೂ ದುಡಿಯಿತು. 1987ರಲ್ಲಿ ಪೊಟೊಮ್ಯಾಕ್ ನದಿಯ ಕೆಸರಲ್ಲಿ ಸಿಕ್ಕ ಇದಕ್ಕೆ ಆಮ್ಲಜನಕ ಬೇಡ, ಕಬ್ಬಿಣದ ತುಕ್ಕು ಸಾಕು. ಅಮೆರಿಕದ ಕೊಲೊರಾಡೊದ ರೈಫಲ್ ಎಂಬ ಊರಲ್ಲಿ, ಯುರೇನಿಯಂ ಬೆರೆತ ಅಂತರ್ಜಲಕ್ಕೆ ಅಸಿಟೇಟ್ ಬಿಟ್ಟರು. ವಿನಿಗರ್‌ನಲ್ಲಿರುವ ಆಮ್ಲದ್ದೇ ಲವಣ ಅದು. ಮಣ್ಣಲ್ಲಿದ್ದ ಜಿಯೊಬ್ಯಾಕ್ಟರ್ ಅದನ್ನು ತಿಂದು ಹೆಚ್ಚಿತು, ನೀರಿನ ಯುರೇನಿಯಂ ಕಡಿಮೆಯಾಯಿತು. ಹಾಗಂತ ಲೋಹ ಮಾಯವಾಗಲಿಲ್ಲ. ಕರಗದ ರೂಪಕ್ಕೆ ತಿರುಗಿ ಅಲ್ಲೇ ಕೂತಿತು. ಆಮ್ಲಜನಕ ನುಗ್ಗಿದರೆ ಮತ್ತೆ ಕರಗೀತು. ‘ಸೂಕ್ಷ್ಮಜೀವಿ ವಿಷ ತಿಂದಿತು’ ಎಂದು ಸುಮ್ನೆ ಬರೆದುಬಿಡುವವರು ಇದನ್ನು ಮರೆಯುತ್ತಾರೆ.

ಪ್ಲಾಸ್ಟಿಕ್‌ನ ಸರದಿ ಬಂದಿದ್ದು 2016ರಲ್ಲಿ. ಬಾಟಲಿ ಮರುಬಳಕೆ ಮಾಡುವ ಜಪಾನಿನ ಒಂದು ಘಟಕದ ಬಳಿ ಪೆಟ್ ಎಂಬ ಬಾಟಲಿ ಪ್ಲಾಸ್ಟಿಕ್ ತಿನ್ನುವ ಇಡಿಯೊನೆಲ್ಲಾ ಸಕಾಯೆನ್ಸಿಸ್ ಬ್ಯಾಕ್ಟೀರಿಯಾ ಸಿಕ್ಕಿತು. ತೆಳು ಹಾಳೆಯೊಂದನ್ನು ಮುಗಿಸಲು ಅದಕ್ಕೆ ಸುಮಾರು ಆರು ವಾರ ಬೇಕು. ಪೆಟ್ ಸಡಿಲವಾಗುವುದು 70 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ, ಈ ಜೀವಿಗೋ 30 ಡಿಗ್ರಿ ಹಿತ.

ಅಂಥ ಬಿಸಿಯಲ್ಲೂ ಜೀವವಿದೆ ಎಂದು ಸೂಕ್ಷ್ಮಜೀವಿ ವಿಜ್ಞಾನಿ ಥಾಮಸ್ ಬ್ರಾಕ್ 1960ರ ದಶಕದಲ್ಲೇ ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಗಳಲ್ಲಿ ತೋರಿಸಿದ್ದರು. ಪ್ಲಾಸ್ಟಿಕ್‌ಗೆ ಬೇಕಾದ ಕಿಣ್ವ ಸಿಕ್ಕಿದ್ದು ಮಾತ್ರ ಬಿಸಿಯೇರಿದ ಎಲೆಗೊಬ್ಬರದ ರಾಶಿಯಲ್ಲಿ. ಅದನ್ನೇ ತಿದ್ದಿದಾಗ, 2020ರಲ್ಲಿ, 72 ಡಿಗ್ರಿಯಲ್ಲಿ 10 ಗಂಟೆಯೊಳಗೆ ಶೇ 90ರಷ್ಟು ಪೆಟ್ ಒಡೆಯಿತು. ಅದಕ್ಕೂ ಮೊದಲು ಬಾಟಲಿಯನ್ನು ಕರಗಿಸಿ ಪುಡಿ ಮಾಡಿಕೊಡಬೇಕಾಯಿತು.