ಸಿಲಿಕೋನ್ ಸೌಟಿಗೆ ಎಣ್ಣೆ ಸೈ, ಕಾದ ಹಂಚು ಬೇಡ

ಬಳ್ಳಾರಿಯಲ್ಲಿ ಖಾನಾವಳಿ ನಡೆಸುವ ಅಕ್ಕನೊಬ್ಬರು ಈಚೆಗೆ ತಮ್ಮ ಸಿಲಿಕೋನ್ ಸ್ಪಾಟುಲಾ, ಅಂದರೆ ರಬ್ಬರಿನಂತೆ ಮೆತ್ತಗಿನ ತಲೆಯ ಚಪ್ಪಟೆ ಸೌಟು, ತಂದು ತೋರಿಸಿದರು. ನನ್ನದು ರಬ್ಬರ್ ಗ್ಯಾಸ್ಕೆಟ್, ಸೀಲ್‌ಗಳ ಕೆಲಸ. ಹಾಗಾಗಿ ಇಂಥ ಪ್ರಶ್ನೆಗಳು ಹುಡುಕಿಕೊಂಡು ಬರುತ್ತವೆ.

"230 ಡಿಗ್ರಿ ತಡೀತದ ಅಂತ ಪ್ಯಾಕಿನ ಮ್ಯಾಲೆ ಬರದಾರ್ರಿ ಸರ್, ಮತ್ಯಾಕ ಹಿಂಗಾತು?"

ಅಂಚು ಬಿರುಸಾಗಿ ಸಣ್ಣ ಬಿರುಕು ಬಿಟ್ಟಿತ್ತು. ಒಂದು ಮೂಲೆ ಬೆಂಕಿಗೆ ತಗುಲಿ ಬೆಳ್ಳಗಾಗಿತ್ತು. ಉಗುರಲ್ಲಿ ಕೆರೆದರೆ ಸಣ್ಣ ಬಿಳಿ ಪುಡಿ ಉದುರಿತು. ಯಾವುದಕ್ಕೆ ಬಳಸ್ತೀರಿ ಅಂತ ಕೇಳಿದೆ. ಶೇಂಗಾ ಹುರಿಯೋಕೆ ಅಂದರು.

ಆ ಬಿಳಿ ಪುಡಿ ಸಿಲಿಕೋನ್ ಸುಟ್ಟು ಉಳಿದ ಸಿಲಿಕಾ, ಅಂದರೆ ಮರಳಲ್ಲಿರುವ ವಸ್ತುವೇ. ಪ್ಲಾಸ್ಟಿಕ್ಕಿನ ಬೆನ್ನೆಲುಬು ಇಂಗಾಲದ ಸರಪಳಿ. ಸಿಲಿಕೋನಿನದು ಸಿಲಿಕಾನ್ ಎಂಬ ಮೂಲವಸ್ತು ಮತ್ತು ಆಮ್ಲಜನಕದ ಸರಪಳಿ. ಈ ಜೋಡಿಯ ಹಿಡಿತ ಇಂಗಾಲದ ಹಿಡಿತಕ್ಕಿಂತ ಗಟ್ಟಿ. ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ 160 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ, ನೈಲಾನ್ 6 ಎಂಬ ಬಗೆಯ ನೈಲಾನ್ ಸುಮಾರು 220ರಲ್ಲಿ. ಸಿಲಿಕೋನ್ ಕರಗುವುದೇ ಇಲ್ಲ. ಬೆಂದ ಮೊಟ್ಟೆ ಮತ್ತೆ ನೀರಾಗುತ್ತಾ? ಹಾಗೇ ಇದೂ. ಆದರೆ ಕರಗಲ್ಲ ಅಂದ ಮಾತ್ರಕ್ಕೆ ಕೆಡಲ್ಲ ಅಂತಲ್ಲ. ಮಿತಿ ಮೀರಿದರೆ ಮೆತ್ತಗಿನ ಗುಣ ಹೋಗುತ್ತದೆ, ಪೆಡಸಾಗುತ್ತದೆ, ಕೊನೆಗೆ ಬೂದಿಯಾಗುತ್ತದೆ.

ಹಾಗಾದರೆ ನಮ್ಮ ಅಡುಗೆಮನೆಯಲ್ಲಿ ಮಿತಿ ಮೀರೋದು ಎಲ್ಲಿ? ಎಣ್ಣೆಯಲ್ಲಿ ಅಂತ ಬಹಳ ಜನ ತಿಳಿದಿದ್ದಾರೆ. ಅದು ತಪ್ಪು. ಬದನೆಕಾಯಿ ಎಣಗಾಯಿ ಕುದಿಯುವಾಗ ಅದರಲ್ಲಿ ನೀರಿರುವ ತನಕ ಬಿಸಿ 100 ಡಿಗ್ರಿಯ ಹತ್ತಿರವೇ ನಿಲ್ಲುತ್ತದೆ. ಮಿರ್ಚಿ ಕರಿಯುವ ಎಣ್ಣೆ 170ರಿಂದ 190 ಡಿಗ್ರಿ. ಎರಡೂ ಸಿಲಿಕೋನಿಗೆ ಸಲೀಸು. ತೊಂದರೆ ಒಣ ಬಿಸಿಯದ್ದು. ರೊಟ್ಟಿ ಹಂಚು, ಶೇಂಗಾ ಹುರಿಯುವ ಕಬ್ಬಿಣದ ಬಾಣಲೆ, ಇಲ್ಲಿ ಬಿಸಿಯನ್ನು ಮಿತಿಯಲ್ಲಿಡುವ ನೀರೂ ಇಲ್ಲ, ಎಣ್ಣೆಯೂ ಇಲ್ಲ. ದೊಡ್ಡ ಉರಿಯಲ್ಲಿ ಖಾಲಿ ಹಂಚು 250 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಗ್ಯಾಸಿನ ಜ್ವಾಲೆಯ ಮಾತಂತೂ ಸಾವಿರ ಡಿಗ್ರಿ ಮೀರಿದ್ದು. ಪ್ಯಾಕಿನ ಮೇಲಿನ ಅಂಕಿ ಸ್ಪಾಟುಲಾ ಮುಟ್ಟುವ ಜಾಗದ ಬಿಸಿಗೆ ಸಂಬಂಧಿಸಿದ್ದು, ನೀವು ಮಾಡುವ ಅಡುಗೆಯ ಹೆಸರಿಗಲ್ಲ. ಅದಕ್ಕೇ ಎಣ್ಣೆಯ ಬಾಣಲೆಯಲ್ಲೂ ಅದನ್ನು ಒರಗಿಸಿ ಬಿಟ್ಟು ಹೋಗಬೇಡಿ. ಎಣ್ಣೆಗಿಂತ ತಳದ ಲೋಹ ಜಾಸ್ತಿ ಕಾದಿರುತ್ತದೆ, ತುದಿ ಅದಕ್ಕೇ ತಾಗಿಕೊಂಡಿರುತ್ತದೆ.

ಶೇಂಗಾಕ್ಕೆ, ಹಂಚಿಗೆ ಸ್ಟೀಲು ಅಥವಾ ಕಟ್ಟಿಗೆಯದ್ದೇ ಸರಿ. ಸಿಲಿಕೋನ್ ಬೇಕಿರೋದು ನಾನ್‌ಸ್ಟಿಕ್ ಪಾತ್ರೆಗೆ. ಅಲ್ಲಿ ಅದು ನಿಜಕ್ಕೂ ಒಳ್ಳೆಯದು, ಲೇಪನ ಗೀರುವುದಿಲ್ಲ.

ಕೊಳ್ಳುವಾಗ ತಲೆಗಿಂತ ಹಿಡಿಕೆ ಮತ್ತು ಒಳಗಿನ ಕಡ್ಡಿ ನೋಡಿ. ಹೊರಗೆ ಸಿಲಿಕೋನ್, ಒಳಗೆ ನೈಲಾನ್ ಇರುವ ಮಾಲು ಬೇಕಾದಷ್ಟಿದೆ. ಬಿಸಿಗೆ ಒಳಗಿನದು ಮೊದಲು ಸೋಲುತ್ತದೆ, ತಲೆ ಅಲುಗಾಡುತ್ತದೆ, ಸಂದಿಯಲ್ಲಿ ಜಿಡ್ಡು ಕೂರುತ್ತದೆ. ಒಳಗೆ ಸ್ಟೀಲ್ ಇದ್ದರೆ, ಹೊರಗೆ ಒಂದೇ ಅಚ್ಚಿನಲ್ಲಿ ಎರಕವಾಗಿದ್ದರೆ ನಾಲ್ಕು ಕಾಸು ಜಾಸ್ತಿ ಕೊಡಬಹುದು. ತಿರುಚಿದಾಗ ಬಿಳಿ ಗೆರೆ ಬಂದರೆ ಕಲಬೆರಕೆ ಅನ್ನುವ ಪರೀಕ್ಷೆ ಎಲ್ಲರ ಬಾಯಲ್ಲಿದೆ. ಅದೊಂದು ಸುಳಿವು ಅಷ್ಟೇ, ಅದೊಂದನ್ನೇ ನಂಬಿ ತೀರ್ಮಾನ ಮಾಡಬೇಡಿ. ಜರ್ಮನಿಯಲ್ಲಿ ಆಹಾರಕ್ಕೆ ತಾಗುವ ಸಿಲಿಕೋನಿಗೆ ಒಂದು ಖಚಿತ ಅಳತೆಯಿದೆ. 200 ಡಿಗ್ರಿಯಲ್ಲಿ 4 ಗಂಟೆ ಇಟ್ಟರೆ ತೂಕದ 0.5 ಶೇಕಡಕ್ಕಿಂತ ಜಾಸ್ತಿ ಆವಿಯಾಗಬಾರದು. ಅಂಗಡಿಯಲ್ಲಿ ನಿಂತು ಅದನ್ನು ಅಳೆಯೋಕೆ ಆಗಲ್ಲ ಅಲ್ವಾ? ಅದಕ್ಕೇ ಫುಡ್ ಗ್ರೇಡ್ ಅಂತಲೂ ಬಿಸಿಯ ಮಿತಿಯನ್ನೂ ಸ್ಪಷ್ಟವಾಗಿ ಬರೆಯದ ಮಾಲನ್ನು ಕೆಳಗಿಡಿ.

ಅಕ್ಕನ ಸ್ಪಾಟುಲಾದಂತೆ ಅಂಚು ಬಿರುಕು ಬಿಟ್ಟದ್ದನ್ನು ಎಸೆದುಬಿಡಿ, ಚೂರು ಪಲ್ಯದಲ್ಲಿ ಬೀಳೋದು ಬೇಡ. ಬರೀ ಅಂಟಂಟಾದದ್ದು ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಎಣ್ಣೆಯ ಜಿಡ್ಡು ಹಿಡಿದಿರುತ್ತದೆ ಅಷ್ಟೇ. ಸೋಪು ಹಾಕಿ ಬಿಸಿನೀರಲ್ಲಿ ನೆನೆಸಿ ತೊಳೆದರೆ ಮತ್ತೆ ಬಳಸಬಹುದು.