ಪದ ಪರಿಚಯ: ಉತ್ಪಾದನಾ ಸಾಧನಗಳ ಒಡೆತನ

ಕಮ್ಯುನಿಸಂ ಮೇಲೋ ಬಂಡವಾಳಶಾಹಿ ಮೇಲೋ ಎಂಬ ವಾದ ಬೆಂಗಳೂರಿನ ಕಾಲೇಜು ಅಂಗಳಗಳಲ್ಲಿ, ಕಾರ್ಮಿಕ ಸಂಘಗಳ ಕಚೇರಿಗಳಲ್ಲಿ, ಟೆಕ್ ಪಾರ್ಕುಗಳ ಕ್ಯಾಂಟೀನುಗಳಲ್ಲಿ ಇಂದಿಗೂ ಬಿಸಿಬಿಸಿಯಾಗಿ ನಡೆಯುತ್ತದೆ. ಸಾಮಾನ್ಯವಾಗಿ ಒಬ್ಬರು ಸ್ಟಾಲಿನ್ ಕಾಲದ ಸಾವುಗಳನ್ನು ಮುಂದಿಡುತ್ತಾರೆ, ಇನ್ನೊಬ್ಬರು ವಸಾಹತುಶಾಹಿಯ ಲೂಟಿಯನ್ನು. ಒಬ್ಬರು ತುಂಬಿದ ಅಂಗಡಿಗಳನ್ನು ತೋರಿಸಿದರೆ ಇನ್ನೊಬ್ಬರು ಅದೇ ಬೀದಿಯ ಹಿಂದಿರುವ ಕೊಳೆಗೇರಿಯನ್ನು ತೋರಿಸುತ್ತಾರೆ. ಇಬ್ಬರ ಮಾತಿನಲ್ಲೂ ಸತ್ಯವಿದ್ದರೂ ವಾದ ನಿಂತಲ್ಲೇ ನಿಲ್ಲುತ್ತದೆ, ಏಕೆಂದರೆ ಈ ಎರಡು ವ್ಯವಸ್ಥೆಗಳು ನಿಜವಾಗಿ ಎಲ್ಲಿ ಕವಲೊಡೆಯುತ್ತವೆ ಎಂಬುದನ್ನು ಯಾರೂ ಮೊದಲು ಗೊತ್ತುಮಾಡಿಕೊಂಡಿರುವುದಿಲ್ಲ. ಆ ಕವಲಿನ ಹೆಸರೇ ಉತ್ಪಾದನಾ ಸಾಧನಗಳ ಒಡೆತನ.

ಉತ್ಪಾದನಾ ಸಾಧನ ಎಂದರೆ ಬದುಕಿಗೆ ಬೇಕಾದ ಸರಕನ್ನೂ ಸೇವೆಯನ್ನೂ ತಯಾರಿಸಲು ಬಳಕೆಯಾಗುವ ಭೂಮಿ, ಗಣಿ, ಕಟ್ಟಡ, ಯಂತ್ರ, ಕಚ್ಚಾವಸ್ತು ಮೊದಲಾದವು. ನಾವು ಉಡುವ ಬಟ್ಟೆ, ವಾಸಿಸುವ ಮನೆ, ಓದುವ ಪುಸ್ತಕ ಈ ಲೆಕ್ಕಕ್ಕೆ ಸೇರುವುದಿಲ್ಲ. ಕಮ್ಯುನಿಸಂ ಬಂದರೆ ಮನೆಯ ಪಾತ್ರೆಪಗಡೆಯೂ ಸರ್ಕಾರದ ಪಾಲಾಗುತ್ತದೆ ಎಂಬ ಹಳೆಯ ಭಯ ಹುಟ್ಟಿದ್ದು ಈ ವ್ಯತ್ಯಾಸ ತಿಳಿಯದೆ. ಒಂದೇ ವಸ್ತು ಎರಡೂ ಕಡೆ ಇರಬಹುದು: ಮನೆಮಂದಿಯ ಬಟ್ಟೆ ಹೊಲಿಯಲು ಇಟ್ಟುಕೊಂಡ ಹೊಲಿಗೆ ಯಂತ್ರ ವೈಯಕ್ತಿಕ ಆಸ್ತಿ, ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಸಾಲಾಗಿ ಜೋಡಿಸಿದ, ಕೂಲಿಗೆ ಬಂದ ಹೆಣ್ಣುಮಕ್ಕಳು ನಡೆಸುವ ಅದೇ ಯಂತ್ರ ಉತ್ಪಾದನಾ ಸಾಧನ. ಬಂಡವಾಳಶಾಹಿಯಲ್ಲಿ ಇಂಥ ಸಾಧನಗಳು ಖಾಸಗಿಯವರ ಕೈಯಲ್ಲಿರುತ್ತವೆ, ಉಳಿದವರು ತಮ್ಮ ದುಡಿಮೆಯನ್ನು ಮಾರಿ ಬದುಕುತ್ತಾರೆ. ಕಮ್ಯುನಿಸಂ ಅವುಗಳನ್ನು ಇಡೀ ಸಮಾಜದ ಒಡೆತನಕ್ಕೆ ತರಬೇಕೆನ್ನುತ್ತದೆ.

ಇಷ್ಟು ವ್ಯಾಖ್ಯೆ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ಆದರೆ ಒಡೆತನವೆಂಬ ಒಂದು ಪದದೊಳಗೆ ಬೇರೆಬೇರೆಯಾದ ಎರಡು ಅಧಿಕಾರಗಳು ಅಡಗಿವೆ. ದುಡಿಮೆಯಿಂದ ಹುಟ್ಟಿ ಖರ್ಚು ಕಳೆದು ಮಿಕ್ಕಿದ್ದು ಯಾರಿಗೆ ಸೇರಬೇಕು ಎಂಬುದು ಒಂದು. ಏನನ್ನು, ಎಷ್ಟು, ಹೇಗೆ ತಯಾರಿಸಬೇಕೆಂಬ ತೀರ್ಮಾನ ಯಾರದು ಎಂಬುದು ಇನ್ನೊಂದು. ಇವೆರಡನ್ನೂ ಒಂದೇ ಗಂಟು ಎಂದು ಭಾವಿಸಿದ್ದರಿಂದಲೇ ವಾದ ದಾರಿತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಎರಡೂ ವ್ಯವಸ್ಥೆಗಳ ದೊಡ್ಡ ಸೋಲುಗಳು ಕೂಡ ಇಲ್ಲಿಂದಲೇ ಅರ್ಥವಾಗುತ್ತವೆ.

ಮಿಕ್ಕಿದ್ದರ ಪ್ರಶ್ನೆಯನ್ನು ಎಲ್ಲರಿಗಿಂತ ಖಚಿತವಾಗಿ ಎತ್ತಿದವನು ಕಾರ್ಲ್ ಮಾರ್ಕ್ಸ್. ಹೊಲಿಗೆಯ ಸಾಲಿನಲ್ಲಿ ಕೂತ ಹೆಣ್ಣುಮಗಳು ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಮುಟ್ಟಿಸುತ್ತಾಳೆ, ತಪ್ಪಿದರೆ ಸೂಪರ್‌ವೈಸರ್ ಬೈಯುತ್ತಾನೆ. ಅವಳ ದಿನದ ಕೂಲಿಯಷ್ಟು ಮೌಲ್ಯವನ್ನು ಅವಳು ಮಧ್ಯಾಹ್ನದ ಊಟದ ಬೆಲ್ ಹೊಡೆಯುವಷ್ಟರಲ್ಲಿ ಹೊಲಿದುಬಿಟ್ಟಳು ಎಂದಿಟ್ಟುಕೊಂಡರೆ, ಊಟದ ನಂತರದ ಹೊಲಿಗೆಯೆಲ್ಲ ಮಿಗುತಾಯ ಮೌಲ್ಯ. ಅದು ಯಂತ್ರದ ಒಡೆಯನಿಗೆ ಸೇರುತ್ತದೆ. ಹಾಗೆ ಸೇರುವುದಕ್ಕೆ ಕಾರಣ ಅವನು ಹೆಚ್ಚು ದುಡಿದದ್ದಲ್ಲ, ಅವಳಿಗೆ ಸ್ವಂತ ಯಂತ್ರವೂ ಮಾರುಕಟ್ಟೆಯೂ ಇಲ್ಲದಿರುವುದು. ಬಂಡವಾಳದ ಪರ ನಿಂತವರ ಉತ್ತರವೂ ಹಗುರವಾದದ್ದಲ್ಲ. ಆರ್ಡರ್ ಹಿಡಿದು ತಂದವರು, ಸಾಲ ಮಾಡಿ ಯಂತ್ರ ಕೊಂಡವರು, ಮಾಲು ತಿರಸ್ಕೃತವಾದರೆ ನಷ್ಟ ಹೊರುವವರು ಯಾರು? ಆ ಅಪಾಯಕ್ಕೆ ಪ್ರತಿಫಲ ಬೇಡವೇ? ಬೇಕು. ಆದರೆ ಕಾರ್ಖಾನೆ ಮುಚ್ಚಿದರೆ ಒಡೆಯನ ಹಣ ಹೋಗುವ ದಿನವೇ ಅವಳ ಅನ್ನವೂ ಹೋಗುತ್ತದೆ. ಅಪಾಯ ಹೊರುವವನು ಒಡೆಯನೊಬ್ಬನೇ ಎಂಬ ವಾದ ಅಲ್ಲಿಗೆ ಅರ್ಧವಾಗುತ್ತದೆ.

ತೀರ್ಮಾನದ ಪ್ರಶ್ನೆಯಲ್ಲಿ ಎಡವಿದ್ದು ಮುಖ್ಯವಾಗಿ ಕಮ್ಯುನಿಸಂ. ಖಾಸಗಿ ಒಡೆತನ ಹೋದರೆ ಯಂತ್ರಗಳಿಗೂ ಕಚ್ಚಾವಸ್ತುವಿಗೂ ಮಾರುಕಟ್ಟೆ ಇರುವುದಿಲ್ಲ, ಮಾರುಕಟ್ಟೆ ಇಲ್ಲದೆ ಬೆಲೆ ಇರುವುದಿಲ್ಲ, ಬೆಲೆ ಇಲ್ಲದೆ ಯಾವುದು ಮಿತವ್ಯಯ ಯಾವುದು ದುಂದು ಎಂದು ಲೆಕ್ಕಹಾಕಲು ಬರುವುದಿಲ್ಲ ಎಂದು ಆಸ್ಟ್ರಿಯಾದ ಅರ್ಥಶಾಸ್ತ್ರಜ್ಞ ಲುಡ್ವಿಗ್ ಫಾನ್ ಮೀಸೆಸ್ 1920ರಲ್ಲೇ ಬರೆದನು. ಅವನ ಶಿಷ್ಯಪರಂಪರೆಯ ಫ್ರೀಡ್ರಿಕ್ ಹಯೆಕ್ 1945ರಲ್ಲಿ ಅದನ್ನು ಇನ್ನಷ್ಟು ಬೆಳೆಸಿ, ಸಮಾಜದ ಅರಿವು ಕೋಟ್ಯಂತರ ಜನರಲ್ಲಿ ಚೂರುಚೂರಾಗಿ ಹಂಚಿಹೋಗಿರುವುದರಿಂದ ಯಾವ ಯೋಜನಾ ಕಚೇರಿಯೂ ಅದನ್ನೆಲ್ಲ ಒಂದೆಡೆ ಕೂಡಿಸಲಾರದು ಎಂದನು. ಆದರೂ 1928ರಲ್ಲಿ ಮೊದಲ ಪಂಚವಾರ್ಷಿಕ ಯೋಜನೆ ಆರಂಭಿಸಿದ ಸೋವಿಯತ್ ಒಕ್ಕೂಟ, ಬಹುಪಾಲು ರೈತರಿದ್ದ ದೇಶವನ್ನು ಕೆಲವೇ ದಶಕಗಳಲ್ಲಿ ಉಕ್ಕಿನ ದೇಶವನ್ನಾಗಿಸಿತು, ಸಾಕ್ಷರತೆಯನ್ನು ಬಹುಮಟ್ಟಿಗೆ ಎಲ್ಲರಿಗೂ ತಲುಪಿಸಿತು, ಹಿಟ್ಲರನ ಸೈನ್ಯವನ್ನು ಹಿಮ್ಮೆಟ್ಟಿಸಿತು, 1961ರಲ್ಲಿ ಯೂರಿ ಗಗಾರಿನ್‌ನನ್ನು ಬಾಹ್ಯಾಕಾಶಕ್ಕೆ ಕಳಿಸಿತು. ಗುರಿ ಒಂದೇ ಇದ್ದು ಅದು ಎಲ್ಲರಿಗೂ ಗೊತ್ತಿರುವಾಗ ಯೋಜನೆ ಗೆಲ್ಲುತ್ತದೆ. ಯಾವ ಅಳತೆಯ ಚಪ್ಪಲಿ ಯಾವ ಊರಿಗೆ ಎಷ್ಟು ಬೇಕು ಎಂಬಂಥ ಲಕ್ಷ ಪ್ರಶ್ನೆಗಳು ಬಂದಾಗ ಸೋಲುತ್ತದೆ.

ಆದರೆ ಲೆಕ್ಕದ ತೊಂದರೆಗಿಂತ ಭೀಕರವಾದದ್ದು ಇನ್ನೊಂದಿದೆ. 1932–33ರಲ್ಲಿ ಉಕ್ರೇನ್ ಮತ್ತು ಕಜಾಕಸ್ತಾನದಲ್ಲಿ, 1958ರ ನಂತರ ಬೇಸಾಯವನ್ನೂ ಕೈಗಾರಿಕೆಯನ್ನೂ ಒಮ್ಮೆಲೇ ಎತ್ತರಿಸಲು ಹೊರಟ ಚೀನಾದ ಮಹಾ ಜಿಗಿತದ ಕಾಲದಲ್ಲಿ ಸತ್ತವರು ಬರಗಾಲಕ್ಕೆ ಮಾತ್ರ ಬಲಿಯಾದವರಲ್ಲ. ಚೀನಾದಲ್ಲಿ ಸ್ಥಳೀಯ ಅಧಿಕಾರಿಗಳು ಮೇಲಿನವರನ್ನು ಮೆಚ್ಚಿಸಲು ಬೆಳೆಯ ಇಳುವರಿಯನ್ನು ಹಿಗ್ಗಿಸಿ ವರದಿ ಮಾಡಿದರು, ಆ ಸುಳ್ಳು ಇಳುವರಿಯ ಲೆಕ್ಕದಲ್ಲೇ ಹಳ್ಳಿಗಳಿಂದ ಧಾನ್ಯವನ್ನು ಎತ್ತಲಾಯಿತು, ಹಾಗಲ್ಲ ಎಂದು ಹೇಳಹೋದವರು ಶಿಕ್ಷೆಗೆ ಗುರಿಯಾದರು. ಸತ್ತವರ ಸಂಖ್ಯೆಯನ್ನು ವಿದ್ವಾಂಸರು ಒಂದೂವರೆ ಕೋಟಿಯಿಂದ ನಾಲ್ಕೂವರೆ ಕೋಟಿಯವರೆಗೆ ಅಂದಾಜು ಮಾಡಿದ್ದಾರೆ. ಭೂಮಿ ಹೆಸರಿಗೆ ಜನರದ್ದಾಗಿತ್ತು. ತೀರ್ಮಾನ ಮಾತ್ರ ಪಕ್ಷದ್ದಾಗಿತ್ತು, ಮತ್ತು ತೀರ್ಮಾನ ಮಾಡಿದವರ ತಟ್ಟೆಯಲ್ಲಿ ಅನ್ನ ಕಡಿಮೆಯಾಗಲಿಲ್ಲ. ಕಮ್ಯುನಿಸಂ ಅನ್ನು ಸಮರ್ಥಿಸುವ ಯಾರೇ ಆಗಲಿ ಈ ಸಾವುಗಳಿಗೆ ಉತ್ತರ ಕೊಡದೆ ಮುಂದೆ ಹೋಗಬಾರದು. 1978ರಲ್ಲಿ ಅನ್ಹುಯಿ ಪ್ರಾಂತ್ಯದ ಶಿಯಾವ್‌ಗಾಂಗ್ ಹಳ್ಳಿಯ 18 ಕುಟುಂಬಗಳು ಸಾಮೂಹಿಕ ಭೂಮಿಯನ್ನು ಗುಟ್ಟಾಗಿ ಹಂಚಿಕೊಂಡು ಬೇಸಾಯ ಮಾಡಿದಾಗ ಬೆಳೆ ಏರಿದ್ದೂ ಇದೇ ಕಾರಣಕ್ಕೆ: ಭೂಮಿಯ ಒಡೆತನ ಬದಲಾಗಲಿಲ್ಲ, ತೀರ್ಮಾನ ಉಳುವವರ ಕೈಗೆ ಬಂತು.

ಬಂಡವಾಳಶಾಹಿಯ ಸಾವುಗಳು ಇಷ್ಟು ಎದ್ದು ಕಾಣುವುದಿಲ್ಲ, ಏಕೆಂದರೆ ಅವುಗಳಿಗೆ ಆದೇಶದ ಕಾಗದವಿರುವುದಿಲ್ಲ. 1943ರ ಬಂಗಾಳದ ಕ್ಷಾಮದಲ್ಲಿ ಸುಮಾರು 30 ಲಕ್ಷ ಜನ ಸತ್ತರು. ಅಮರ್ತ್ಯ ಸೇನ್ ತೋರಿಸಿದಂತೆ ಅಲ್ಲಿ ಅಕ್ಕಿ ಮಾಯವಾಗಿರಲಿಲ್ಲ. ಯುದ್ಧದ ಖರ್ಚಿನಿಂದ ಬೆಲೆ ಗಗನಕ್ಕೇರಿ, ಕೃಷಿ ಕೂಲಿಗಳ ಸಂಬಳ ಅದರ ಹತ್ತಿರಕ್ಕೂ ಏರದೆ, ಅಕ್ಕಿ ಕೊಳ್ಳುವ ಶಕ್ತಿ ಮಾಯವಾಗಿತ್ತು. ವಸಾಹತು ಸರ್ಕಾರದ ಉಪೇಕ್ಷೆ ಅದಕ್ಕೆ ಜೊತೆಯಾಯಿತು. ಹಯೆಕ್ ಹೊಗಳಿದ ಬೆಲೆಯೆಂಬ ಸಂಕೇತ ಹಣವಿದ್ದವರ ಬೇಡಿಕೆಯನ್ನು ಮಾತ್ರ ಕೇಳಿಸಿಕೊಳ್ಳುತ್ತದೆ. 1929ರ ಮಹಾ ಆರ್ಥಿಕ ಕುಸಿತ, 2008ರ ಬ್ಯಾಂಕು ಬಿಕ್ಕಟ್ಟು ಇವೆರಡರಲ್ಲೂ ತಪ್ಪು ತೀರ್ಮಾನ ಮಾಡಿದವರು ಒಬ್ಬರು, ಕೆಲಸ ಕಳೆದುಕೊಂಡವರು ಮತ್ತೊಬ್ಬರು.

ಇಲ್ಲಿ ಬೆಂಗಳೂರಿನ ಅನುಭವಕ್ಕೆ ಬರಬೇಕು, ಏಕೆಂದರೆ ಈ ಎರಡು ಪ್ರಶ್ನೆಗಳನ್ನು ಇಷ್ಟು ಬಗೆಯಲ್ಲಿ ಪರೀಕ್ಷಿಸಿದ ಊರು ನಮ್ಮ ದೇಶದಲ್ಲಿ ಅಪರೂಪ. ಸರ್ಕಾರ ಕಾರ್ಖಾನೆ ನಡೆಸುವುದನ್ನೇ ಕಮ್ಯುನಿಸಂ ಎಂದು ತಿಳಿಯುವುದು ತಪ್ಪೆಂಬುದಕ್ಕೆ ಗಂಧದ ಸಾಬೂನಿನ ಕಾರ್ಖಾನೆ ನಡೆಸಿದ ಮೈಸೂರು ಅರಸರ ಸಂಸ್ಥಾನವೇ ಸಾಕ್ಷಿ. ವಿಮಾನ ತಯಾರಿಸುವ ಎಚ್‌ಎಎಲ್ ಹುಟ್ಟಿದ್ದು 1940ರಲ್ಲಿ, ಉದ್ಯಮಿ ವಾಲಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರದ ಜಂಟಿ ಸಾಹಸವಾಗಿ. ಸ್ವಾತಂತ್ರ್ಯದ ನಂತರ ದೂರವಾಣಿ ತಯಾರಿಸುವ ಐಟಿಐ, ಯಂತ್ರೋಪಕರಣಗಳ ಎಚ್‌ಎಂಟಿ, ಎಲೆಕ್ಟ್ರಾನಿಕ್ಸ್‌ನ ಬಿಇಎಲ್, ಭಾರಿ ವಾಹನಗಳ ಬಿಇಎಂಎಲ್ ಎಂಬ ಸರ್ಕಾರಿ ಕಾರ್ಖಾನೆಗಳು ಒಂದರ ಹಿಂದೊಂದು ಬಂದವು. ದೂರವಾಣಿನಗರ, ಜಾಲಹಳ್ಳಿ, ವಿಮಾನಪುರದ ಕಾಲೊನಿಗಳು, ಶಾಲೆಗಳು, ಆಸ್ಪತ್ರೆಗಳು ಹಳ್ಳಿಯಿಂದ ಬಂದ ಸಾವಿರಾರು ಕುಟುಂಬಗಳನ್ನು ಒಂದೇ ತಲೆಮಾರಿನಲ್ಲಿ ಮಧ್ಯಮವರ್ಗಕ್ಕೆ ಎತ್ತಿದವು. ಖಾಸಗಿ ಬಂಡವಾಳ ಆ ಕಾಲದಲ್ಲಿ ಈ ಕೆಲಸ ಮಾಡುತ್ತಿರಲಿಲ್ಲ. ಮುಂದೆ ಇದೇ ಊರು ಸಾಫ್ಟ್‌ವೇರ್ ನಗರವಾಗುವುದಕ್ಕೆ ಬೇಕಾದ ಎಂಜಿನಿಯರುಗಳ ನೆಲೆ ಸಿದ್ಧವಾದದ್ದರಲ್ಲಿ ಈ ಸಾರ್ವಜನಿಕ ಉದ್ದಿಮೆಗಳ ಪಾಲು ದೊಡ್ಡದು.

ಆದರೂ 1980ರ ಕೊನೆಯಲ್ಲಿ ಇದೇ ಉದ್ದಿಮೆಗಳ ಕಾರ್ಮಿಕರು ಒಟ್ಟಾಗಿ ಮುಷ್ಕರ ಹೂಡಿದರು. ವಿದ್ಯುತ್ ಯಂತ್ರಗಳನ್ನು ತಯಾರಿಸುವ ಇನ್ನೊಂದು ಸರ್ಕಾರಿ ಕಂಪನಿ ಬಿಎಚ್‌ಇಎಲ್‌ನ ನೌಕರರಿಗೆ ಸಮನಾದ ಸಂಬಳ ಬೇಕೆಂಬುದು ಅವರ ಬೇಡಿಕೆಯಾಗಿತ್ತು. ಹೋರಾಟ 1981ಕ್ಕೂ ಮುಂದುವರಿದು ತಿಂಗಳುಗಟ್ಟಲೆ ನಡೆಯಿತು. ಕಾರ್ಖಾನೆ ಜನತೆಯದ್ದೇ ಆಗಿದ್ದರೆ ಜನರೇ ಗೇಟಿನ ಹೊರಗೆ ಏಕೆ ನಿಂತರು? ಒಡೆಯನ ಹೆಸರು ಬದಲಾಗಿ ಸರ್ಕಾರವೆಂದಾದರೂ ಸಂಬಳ, ಉತ್ಪಾದನೆ, ಬಡ್ತಿಗಳ ತೀರ್ಮಾನ ದೆಹಲಿಯ ಮಂತ್ರಾಲಯದಲ್ಲೇ ಉಳಿದಿತ್ತು.

ಎಚ್‌ಎಂಟಿ ಗಡಿಯಾರದ ಕಥೆ ಇನ್ನೊಂದು ಪಾಠ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಇಲ್ಲಿ ಆರಂಭವಾದ ತಯಾರಿಕೆ ಎಷ್ಟೋ ಮದುವೆಗಳ ಉಡುಗೊರೆಯಾಯಿತು. 1984ರಲ್ಲಿ ಟಾಟಾ ಸಮೂಹ ಮತ್ತು ತಮಿಳುನಾಡು ಸರ್ಕಾರದ ನಿಗಮ ಸೇರಿ ಕಟ್ಟಿದ ಟೈಟನ್, ಹೊಸೂರಿನಿಂದ ಕ್ವಾರ್ಟ್ಜ್ ಗಡಿಯಾರಗಳನ್ನು ತಂದಾಗ ಎಚ್‌ಎಂಟಿ ಹೆಜ್ಜೆ ಹಾಕಲಾರದೆ ಹೋಯಿತು, 2016ರಲ್ಲಿ ಕೇಂದ್ರ ಸಚಿವ ಸಂಪುಟ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿತು. ಹಂಗೇರಿಯ ಅರ್ಥಶಾಸ್ತ್ರಜ್ಞ ಯಾನೋಸ್ ಕೊರ್ನಾಯ್ ಸಮಾಜವಾದಿ ಕಾರ್ಖಾನೆಗಳ ಬಗ್ಗೆ ಹೇಳಿದ ಮಾತು ಇಲ್ಲಿಗೂ ಸಲ್ಲುತ್ತದೆ: ಎಷ್ಟೇ ನಷ್ಟವಾದರೂ ಸರ್ಕಾರ ಕೈಹಿಡಿಯುತ್ತದೆಂಬ ನಂಬಿಕೆ ಇದ್ದಲ್ಲಿ ಗಿರಾಕಿಯ ದನಿ ಕೇಳಿಸುವುದಿಲ್ಲ. ಆದರೆ ಗೆದ್ದ ಟೈಟನ್‌ನಲ್ಲಿಯೂ ಸರ್ಕಾರದ ಬಂಡವಾಳವಿತ್ತು ಎಂಬುದನ್ನು ಖಾಸಗೀಕರಣದ ಪರ ಮಾತನಾಡುವವರು ಮರೆಯಬಾರದು. ಅಲ್ಲಿ ಬೇರೆಯಾಗಿದ್ದದ್ದು ತೀರ್ಮಾನ ಮಾಡುವವರು ಮತ್ತು ಅವರು ಗಿರಾಕಿಗೆ ಹೆದರಬೇಕಾಗಿದ್ದ ಸ್ಥಿತಿ.

ಸರ್ಕಾರ ಮತ್ತು ಷೇರುದಾರ ಇವರಿಬ್ಬರೇ ಒಡೆಯರಾಗಬಲ್ಲವರು ಎಂಬ ಊಹೆಯೂ ನಿಲ್ಲುವುದಿಲ್ಲ. ಕಾಫಿ ಮಂಡಳಿ ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಂಡ ಕಾರ್ಮಿಕರು ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಬೆಂಬಲದಿಂದ 1957ರಲ್ಲಿ ಬೆಂಗಳೂರಿನಲ್ಲಿ ಸಹಕಾರ ಸಂಘ ಕಟ್ಟಿದರು. ಎಂ.ಜಿ. ರಸ್ತೆಯಲ್ಲಿದ್ದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಬಂದ ಇಂಡಿಯನ್ ಕಾಫಿ ಹೌಸಿನಲ್ಲಿ ಪೇಟ ತೊಟ್ಟು ಕಾಫಿ ತಂದಿಡುವವರು ಆ ಸಹಕಾರಿ ಪರಂಪರೆಯವರು. ನಂದಿನಿ ಹಾಲಿನ ಹಿಂದೆಯೂ ಹಳ್ಳಿಹಳ್ಳಿಯ ಸೊಸೈಟಿಗಳಿವೆ, ಅವುಗಳಿಗೆ ಹಾಲು ಹಾಕುವ ರೈತರೇ ಸದಸ್ಯರು. ಆದರೆ ಹಾಲಿನ ಮಾರಾಟದ ದರ ಏರಿಸಲು ರಾಜ್ಯ ಸರ್ಕಾರದ ಒಪ್ಪಿಗೆಗೆ ಕಾಯಬೇಕಾಗುತ್ತದೆ. ಮಿಕ್ಕಿದ್ದು ರೈತನಿಗೆ, ತೀರ್ಮಾನದ ಒಂದು ಪಾಲು ವಿಧಾನಸೌಧಕ್ಕೆ.

ಭೂಮಿಯ ವಿಷಯದಲ್ಲಿ ಕರ್ನಾಟಕ ಇನ್ನೂ ದೂರ ಹೋಗಿತ್ತು. ದೇವರಾಜ ಅರಸು ಅವರ ಸರ್ಕಾರ 1974ರ ಮಾರ್ಚ್ 1ರಿಂದ ಜಾರಿಗೆ ತಂದ ತಿದ್ದುಪಡಿಯಿಂದ ‘ಉಳುವವನೇ ಹೊಲದೊಡೆಯ’ ಎಂಬುದು ಘೋಷಣೆಯಾಗಿ ಉಳಿಯದೆ ಭೂ ನ್ಯಾಯಮಂಡಳಿಗಳ ಮುಂದೆ ಅರ್ಜಿಯಾಯಿತು. ಕರಾವಳಿ, ಮಲೆನಾಡಿನ ಗೇಣಿದಾರರು ಹೊಲದ ಒಡೆಯರಾದರು. ರಕ್ತಪಾತವಿಲ್ಲದೆ, ಚುನಾಯಿತ ಶಾಸನಸಭೆಯ ಮೂಲಕ, ಖಾಸಗಿ ಒಡೆತನವನ್ನು ಉಳಿಸಿಕೊಂಡೇ ಒಡೆಯನನ್ನು ಬದಲಿಸಿದ ಈ ಕೆಲಸವನ್ನು ನಾನು ನಮ್ಮ ರಾಜ್ಯದ ಅತ್ಯಂತ ಘನವಾದ ಸಾಧನೆಗಳಲ್ಲಿ ಒಂದೆಂದು ಎಣಿಸುತ್ತೇನೆ. ಗೇಣಿಯೂ ಇಲ್ಲದೆ ಬರೀ ಕೂಲಿ ಮಾಡುತ್ತಿದ್ದವರಿಗೆ, ಅವರಲ್ಲಿ ಬಹುಮಂದಿ ದಲಿತರು, ಅದರಿಂದ ದಕ್ಕಿದ್ದು ಬಹಳ ಕಡಿಮೆ. 2020ರ ತಿದ್ದುಪಡಿ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ಅವಕಾಶ ಕೊಟ್ಟ ಮೇಲೆ, ಹೊಲ ಮತ್ತೆ ಬಂಡವಾಳವಾಗುವ ದಾರಿ ತೆರೆದಿದೆ.

ಈಗ ಈ ಪದವನ್ನು ಹೊಸದಾಗಿ ಯೋಚಿಸುವಂತೆ ಮಾಡಿರುವುದು ಎಚ್‌ಎಸ್‌ಆರ್ ಲೇಔಟಿನ ಹೋಟೆಲುಗಳ ಮುಂದೆ ಫೋನ್ ಹಿಡಿದು ಆರ್ಡರಿಗಾಗಿ ಕಾಯುವ ಡೆಲಿವರಿ ಹುಡುಗರು. ಬೈಕು ಅವರದು, ಪೆಟ್ರೋಲು ಅವರದು, ಫೋನೂ ಡೇಟಾ ಪ್ಯಾಕೂ ಅವರದು. ಹಳೆಯ ವ್ಯಾಖ್ಯೆಯಂತೆ ನೋಡಿದರೆ ಉತ್ಪಾದನಾ ಸಾಧನ ಕಾರ್ಮಿಕನ ಕೈಯಲ್ಲೇ ಇದೆ, ಮಾರ್ಕ್ಸ್ ಬಯಸಿದ್ದು ನಡೆದುಬಿಟ್ಟಿದೆ. ಆದರೆ ಯಾವ ಆರ್ಡರ್ ಯಾರಿಗೆ, ದರ ಎಷ್ಟು, ಇನ್ಸೆಂಟಿವ್ ಯಾವಾಗ ಎಂಬುದನ್ನೆಲ್ಲ ಆಪ್ ತೀರ್ಮಾನಿಸುತ್ತದೆ, ರೇಟಿಂಗ್ ಇಳಿದರೆ ಐಡಿ ಬ್ಲಾಕ್ ಆಗುತ್ತದೆ. ಸವೆಯುವ ಸಾಧನ ದುಡಿಯುವವನದ್ದು, ಆಳುವ ಸಾಧನ ಕಂಪನಿಯದ್ದು. ಇಂಥ ಆಪ್ ಆಧಾರಿತ ಬಿಡಿ ಕೆಲಸದವರಿಗಾಗಿ 2025ರಲ್ಲಿ ಕರ್ನಾಟಕ ತಂದ ಗಿಗ್ ಕಾರ್ಮಿಕರ ಕಾಯ್ದೆ ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಪಡೆಯುತ್ತದೆ, ಕಾರಣ ಕೊಡದೆ ಕೆಲಸದಿಂದ ತೆಗೆಯುವುದನ್ನು ತಡೆಯುತ್ತದೆ. ಮಿಕ್ಕಿದ್ದರಲ್ಲಿ ಒಂದು ಚೂರನ್ನು ಅದು ಹಂಚಿದೆ, ತೀರ್ಮಾನಕ್ಕೆ ಒಂದು ಬೇಲಿ ಹಾಕಿದೆ. ವರ್ಷಗಟ್ಟಲೆ ಮಳೆ ಬಿಸಿಲೆನ್ನದೆ ಓಡಿ ಗಳಿಸಿದ ರೇಟಿಂಗನ್ನು ಮಾತ್ರ ಆ ಹುಡುಗ ಇನ್ನೊಂದು ಕಂಪನಿಗೆ ತನ್ನ ಜೊತೆ ಒಯ್ಯಲಾರ. ಅದರ ಒಡೆತನ ಈಗಲೂ ಅವನದಲ್ಲ.